ಹತ್ತು ನಿಮಿಷ ಕಾಯೋಕೆ ಏನು ಕಷ್ಟ ಸ್ವಾಮಿ?

ಚನ್ನರಾಯಪಟ್ಟಣದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಕೊಂಬು ಬೆಳೆಯದ ಹಾಗೆ ಕರುವಿನ ಕೊಂಬಿನ ಮೊಗ್ಗು ಸುಡಿಸೋಕೆ ಡಾಕ್ಟರನ್ನು ಕರೆಸಿದ್ದೆ. ಮರಗಟ್ಟುವ ಸೂಜಿ ಹಾಕಿ ಹತ್ತು ನಿಮಿಷ ಸುಮ್ನೆ ಕೂತರು. ನಾಲ್ಕು ಜನ ಅದುಮಿ ಹಿಡಿದಿದ್ರೆ ಎರಡು ನಿಮಿಷದ ಕೆಲಸ. ದನಕ್ಕೂ ಇಷ್ಟೊಂದು ನಾಜೂಕು ಬೇಕಾ?'

ಬೇಕು ಸ್ವಾಮಿ. ನಿಮ್ಮ ಅವಸರ ಗೊತ್ತು. ಡೇರಿಗೆ ಹಾಲು ಹಾಕಬೇಕು, ಗದ್ದೆಯಲ್ಲಿ ಆಳುಗಳು ಕಾಯ್ತಿರ್ತಾರೆ. ಆದರೆ ಡಾಕ್ಟರು ಸುಮ್ನೆ ಕೂತಿರಲಿಲ್ಲ. ಕಣ್ಣಿನ ಹೊರತುದಿಗೂ ಕೊಂಬಿನ ಬುಡಕ್ಕೂ ನಡುವೆ, ಮೂಳೆಯ ಏಣಿನ ಕೆಳಗೆ ಒಂದು ನರ ಹೋಗುತ್ತದೆ. ಅಲ್ಲಿಗೆ ಲಿಗ್ನೊಕೇನ್ ಕೊಟ್ಟರೆ ಕೊಂಬಿನ ಬುಡ ಮರಗಟ್ಟುತ್ತದೆ. ಅದಕ್ಕೆ ಐದರಿಂದ ಹತ್ತು ನಿಮಿಷ ಬೇಕು. ಮೇಲಿನ ರೆಪ್ಪೆ ಜೋತುಬಿತ್ತಾ ನೋಡಬೇಕು. ಕೊಂಬಿನ ಸುತ್ತ ಸೂಜಿಯಿಂದ ಚುಚ್ಚಬೇಕು. ಕರು ಕಮಕ್ ಕಿಮಕ್ ಅನ್ನದಿದ್ದರೆ ಮಾತ್ರ ಕಾದ ಕಬ್ಬಿಣ. ಅದಕ್ಕೂ ಮೊದಲೇ ಇಟ್ಟರೆ ಔಷಧಿ ದಂಡ.

ಈ ಲಿಗ್ನೊಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು. ಹಲ್ಲು ಕೀಳುವಾಗ ನಮ್ಮ ವಸಡಿಗೆ ಹಾಕುವುದೂ ಸಾಮಾನ್ಯವಾಗಿ ಇದನ್ನೇ. ಅಲ್ಲಿ ಯಾರಾದರೂ 'ಸೂಜಿ ಬೇಡ, ನಾಲ್ಕು ಜನ ಹಿಡ್ಕೊಳ್ಳಿ' ಅಂತಾರಾ?

ಬೇಲೂರಿನ ಕಡೆ ಪರಿಚಿತರ ಕೊಟ್ಟಿಗೆಯಲ್ಲಿ ಒಂದು ಆಪರೇಷನ್ ನೋಡಿದ್ದೇನೆ. ಬೆನ್ನುಮೂಳೆಯ ಪಕ್ಕದ ನರಗಳಿಗೆ ಲೋಕಲ್, ಅಂದರೆ ಆ ಭಾಗವನ್ನಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟು, ಎಡಪಕ್ಕೆ ಸೀಳಿ, ಹೊಟ್ಟೆಯೊಳಗಿಂದ ಪ್ಲಾಸ್ಟಿಕ್ ತೆಗೆಯುತ್ತಿದ್ದರು. ಡಾಕ್ಟರ ಕೈ ತೋಳಿನವರೆಗೆ ಒಳಗಿತ್ತು. ಹಸು ನಿಂತೇ ಇತ್ತು, ಕಿವಿ ಆಡಿಸಿ ನೊಣ ಓಡಿಸುತ್ತಾ. ಆಚೆ ಬಂದದ್ದು ಮದುವೆ ಊಟದ ಕವರುಗಳು, ಹಗ್ಗ, ಒಂದು ಚಪ್ಪಲಿಯ ಪಟ್ಟಿ. (ಕವರಿನಲ್ಲಿ ಅನ್ನ ಕಟ್ಟಿ ಬೀದಿಗೆ ಎಸೆಯುವವರ ಬಗ್ಗೆ ಬರೆಯಲು ಕೂತರೆ ಈ ಸಂಚಿಕೆ ಸಾಲದು.)

ಆಡಿನ ಮರಿಗಳಿಗೆ ಲಿಗ್ನೊಕೇನ್ ಪ್ರಮಾಣ ಸ್ವಲ್ಪ ಜಾಸ್ತಿಯಾದರೂ ವಿಷವಾಗುತ್ತದೆ, ನಿಜ. ಅದಕ್ಕೇ ತೂಕ ನೋಡಿ ಕೊಡುವ ಡಾಕ್ಟರು ಬೇಕು. ಇನ್ನೊಂದು ವಿಷಯ. ಸೂಜಿಯ ಗುಣ ಒಂದು, ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ಆಮೇಲಿನ ಉರಿಗೆ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧಿ ಹಾಕಿಸಿ. ಇದನ್ನು ಕೇಳಿ ಹಾಕಿಸುವವರು ನಮ್ಮಲ್ಲಿ ಎಷ್ಟು ಜನ?

ಸಂಕ್ರಾಂತಿ ದಿನ ಕೊಂಬಿಗೆ ಬಣ್ಣ ಬಳಿದು, ಟೇಪು ಕಟ್ಟಿ, ಎಳ್ಳು ಬೆಲ್ಲ ತಿನ್ನಿಸುತ್ತೇವೆ. ಅದೇ ಕೊಂಬು ಸುಡುವಾಗ ಹತ್ತು ನಿಮಿಷ ದಂಡ ಅನ್ನಿಸುತ್ತೆ. ನಮ್ಮ ಹಾಸನದಲ್ಲೇ ಪಶುವೈದ್ಯ ಕಾಲೇಜಿದೆ. ಐದೂವರೆ ವರ್ಷ ಓದಿ ಬಂದ ಹುಡುಗಿಯನ್ನು ಸಗಣಿಯಲ್ಲಿ ನಿಲ್ಲಿಸಿ 'ಬೇಗ ಬೇಗ' ಅಂತೀವಿ. ಕರು ಚೀರುತ್ತಿರುವಾಗಲೇ ಸುಟ್ಟು ಬೈಕ್ ಹತ್ತಿದವನಿಗೆ 'ಕೈ ಚುರುಕು' ಅಂತ ಹೊಗಳಿಕೆ. ಊರಿನವರಿಗೆ ಅವನೇ ಬೇಕು, ನಿಧಾನದವರ ಮೇಲೆ ದೂರು. ಹೀಗಾದರೆ ಸರಿಯಾಗಿ ಕಲಿತವರೂ ನಾಳೆ ಸೂಜಿ ಬಿಟ್ಟೇಬಿಡುತ್ತಾರೆ, ಅಲ್ವಾ?

ನಿಮ್ಮ ಡಾಕ್ಟರು ಒಳ್ಳೆಯವರು. ಮುಂದಿನ ಕರುವಿಗೂ ಅವರನ್ನೇ ಕರೆಸಿ. ಎರಡು ತಿಂಗಳು ತುಂಬುವ ಮೊದಲೇ, ಕೊಂಬಿನ ಮೊಗ್ಗು ತಲೆಬುರುಡೆಗೆ ಕೂಡಿಕೊಳ್ಳುವ ಮುಂಚೆ. ಕಾಯುವ ಹತ್ತು ನಿಮಿಷಕ್ಕೆ ಒಂದು ಲೋಟ ಕಾಫಿ ಕೊಡಿ.