ಫಾದರ್ ಬಂದರೆ ಅಪ್ಪ ಹೆದರುತ್ತಾರೆಯೇ?

(“ಅಪ್ಪನಿಗೆ ಲಿವರ್ ಕಾಯಿಲೆ, ಮೈಸೂರಿನ ಆಸ್ಪತ್ರೆಯಲ್ಲಿದ್ದಾರೆ. ರೋಗಿಗೆ ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸುವ ಕ್ಯಾಥೋಲಿಕ್ ಸಂಸ್ಕಾರವಾದ ಅಭ್ಯಂಗ ಕೊಡಿಸೋಣ ಎಂದರೆ, ಫಾದರನ್ನು ಕಂಡೇ ಅಪ್ಪ ಎದೆಗೆಡುತ್ತಾರೆ, ಕೊನೆಗೆ ನೋಡೋಣ ಎನ್ನುತ್ತಾರೆ ಅಣ್ಣಂದಿರು. ಏನು ಮಾಡಲಿ?” — ಮಂಡ್ಯದ ಓದುಗರು)

ಇವತ್ತೇ ಕರೆಸಿ. ಅಣ್ಣಂದಿರ ಅಳುಕಿನಲ್ಲಿ ಪ್ರೀತಿಯಿದೆ, ಒಪ್ಪೋಣ. ಆದರೆ ಉಸಿರು ಎಳೆಯುವವರಿಗಷ್ಟೇ ಈ ಸಂಸ್ಕಾರ ಎಂಬ ರೂಢಿಯನ್ನು ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಕ್ಯಾಥೋಲಿಕ್ ಬಿಷಪರು ಸೇರಿದ ಸಭೆ) 1963ರಲ್ಲೇ ತಿದ್ದಿದೆ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಪ್ರಾಣಾಪಾಯ ತಲೆದೋರಿದರೆ ಸಾಕು, ಸಮಯ ಬಂದಂತೆಯೇ. ಚೇತರಿಸಿಕೊಂಡು ಮತ್ತೆ ಹಾಸಿಗೆ ಹಿಡಿದರೆ, ಅದೇ ಕಾಯಿಲೆ ಉಲ್ಬಣಿಸಿದರೆ, ಮತ್ತೆ ಪಡೆಯಬಹುದು.

ತಡಮಾಡಿದರೆ ಕಳೆದುಕೊಳ್ಳುವುದು ನಿಮ್ಮ ತಂದೆಯೇ. ಲಿವರ್ ಸೋತವರಿಗೆ ರಕ್ತದಲ್ಲಿ ವಿಷಾಂಶ ಸೇರಿ ಮಂಪರು ಕವಿಯುವುದುಂಟು. ಆಮೇಲೆ ಪಾಪನಿವೇದನೆ (ತಪ್ಪುಗಳನ್ನು ಫಾದರಲ್ಲಿ ಹೇಳಿಕೊಂಡು ಕ್ಷಮೆ ಬೇಡುವುದು) ಎಲ್ಲಿಂದ? ಬಾಯಲ್ಲಿ ವೆಂಟಿಲೇಟರಿನ ಕೊಳವೆಯಿದ್ದರೆ ಪರಮಪ್ರಸಾದವೂ (ಕ್ರಿಸ್ತನ ದೇಹವೆಂದು ಸ್ವೀಕರಿಸುವ ರೊಟ್ಟಿ) ಇಲ್ಲ. ಪ್ರಜ್ಞೆ ತಪ್ಪಿದವರಿಗೂ ಅಭ್ಯಂಗ ಸಲ್ಲುತ್ತದೆ, ನಿಜ. ಆದರೆ ಪ್ರಾರ್ಥನೆಗೆ “ಆಮೆನ್” ಎನ್ನಲು ಅವರಿಗೇ ದನಿಯಿರುವಾಗ ಯಾಕೆ ಕಾಯಬೇಕು? ಪ್ರಾಣ ಹೋದದ್ದು ಖಚಿತವಾದ ಮೇಲಂತೂ ಅಭ್ಯಂಗ ಕೊಡುವಂತಿಲ್ಲ, ಪ್ರಾರ್ಥನೆ ಮಾತ್ರ. ಇದು ಗೊತ್ತಿಲ್ಲದೆ ಗುರುಗಳ (ಫಾದರ್‌ಗಳ) ಮೇಲೆ ಮುನಿಸಿಕೊಳ್ಳುವ ಮನೆಗಳಿವೆ.

ವಿಧಿಯಲ್ಲಿ ಹೆದರುವಂಥದ್ದೇನೂ ಇಲ್ಲ. ತೀರ್ಥ ಚಿಮುಕಿಸಿ, ಪಾಪನಿವೇದನೆ ಕೇಳಿ, ಸಾಮಾನ್ಯವಾಗಿ ಬೈಬಲಿನ ಯಾಕೋಬನ ಪತ್ರದ 5ನೇ ಅಧ್ಯಾಯದಿಂದ ಓದುತ್ತಾರೆ. ಮಾತಿಲ್ಲದೆ ತಲೆಯ ಮೇಲೆ ಕೈಯಿಡುತ್ತಾರೆ. ಧರ್ಮಾಧ್ಯಕ್ಷರು (ಬಿಷಪ್) ಆಶೀರ್ವದಿಸಿದ ಆಲಿವ್ ಎಣ್ಣೆಯನ್ನು (ಅದು ಸಿಗದಿದ್ದರೆ ಬೇರೆ ಸಸ್ಯದ ಎಣ್ಣೆಯೂ ಆದೀತು) ಹಣೆಗೂ ಎರಡು ಕೈಗಳಿಗೂ ಹಚ್ಚುತ್ತಾರೆ. ಕೈಗೆ ಡ್ರಿಪ್ ಹಾಕಿ ಬ್ಯಾಂಡೇಜ್ ಸುತ್ತಿದ್ದರೆ, ತುರ್ತಿನಲ್ಲಿ ಹಣೆಯೊಂದೇ ಸಾಕು. ಆಮೇಲೆ ಪರಲೋಕ ಮಂತ್ರ (“ಪರಲೋಕದಲ್ಲಿರುವ ನಮ್ಮ ತಂದೆಯೇ” ಎಂಬ ಪ್ರಾರ್ಥನೆ), ಪರಮಪ್ರಸಾದ, ಆಶೀರ್ವಾದ. ಆಕ್ಸಿಜನ್ ಇರುವಲ್ಲಿ ಮೇಣದಬತ್ತಿ ಮಾತ್ರ ಹಚ್ಚಬೇಡಿ.

ನಮ್ಮ ಮನೆಗಳ ಇನ್ನೊಂದು ಚಾಳಿಯನ್ನೂ ಹೇಳಲೇಬೇಕು. ವರದಿ ಓದುವುದು ವರಾಂಡದಲ್ಲಿ, ಮಂಚದ ಬಳಿ “ಬರೀ ಗ್ಯಾಸ್ ಅಪ್ಪಾ” ಎಂಬ ಸುಳ್ಳು. ಡೋರನಹಳ್ಳಿಯ ಸಂತ ಅಂತೋಣಿಯವರಿಗೆ ಹರಕೆ ಹೊರಲು ಹಿಂದೆಮುಂದೆ ನೋಡದವರು, ಸ್ವಂತ ಧರ್ಮಕೇಂದ್ರದ, ಅಂದರೆ ತಮ್ಮ ಚರ್ಚಿನ, ಗುರುಗಳಿಗೆ ಫೋನ್ ಮಾಡಲು ಅಂಜುತ್ತಾರೆ. ಒಡಹುಟ್ಟಿದವರೆಲ್ಲ ಕೂತು ತೀರ್ಮಾನಿಸುತ್ತಾರೆ, ಮಲಗಿರುವವರನ್ನು ಮಾತ್ರ ಒಬ್ಬರೂ ಕೇಳುವುದಿಲ್ಲ. ಬದುಕಿಡೀ ಚರ್ಚಿನ ಪೂಜೆಗೆ ಹೋದವರಿಗೆ ತಮ್ಮ ಸಂಸ್ಕಾರವನ್ನು ತಾವೇ ಬೇಡುವ ಹಕ್ಕಿಲ್ಲವೇ? ಪತ್ರ ಬರೆಯುವಷ್ಟು ಕಾಳಜಿ ನಿಮಗಿದೆ. ಅಭ್ಯಂಗ ಬೇಕೇ ಎಂದು ನೀವೇ ಹೋಗಿ ಅಪ್ಪನನ್ನು ಕೇಳಿ. ಹೂಂ ಎಂದರೆ ವಾರ್ಡಿನ ಸಿಸ್ಟರಿಗೆ ಮೊದಲೇ ತಿಳಿಸಿ, ಹತ್ತು ನಿಮಿಷ ಬಿಡುವು ಕೇಳಿ. ಗುರುಗಳಿಗೆ ಫೋನ್ ಮಾಡುವಾಗ ವಾರ್ಡು, ಹಾಸಿಗೆಯ ನಂಬರಿನ ಜೊತೆಗೆ ಅಪ್ಪ ಮಾತಾಡುತ್ತಾರೆಯೇ, ನುಂಗುತ್ತಾರೆಯೇ ಎಂಬುದನ್ನೂ ಹೇಳಿ.