ಎರವಲು ಕೊಟ್ಟ ಕುದುರೆಯನ್ನು ಮರಳಿ ಪಡೆಯುವ ಬಗ್ಗೆ

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಗ್ಲೆಂಡಿಗೆ ಬಂದು ಎರಡು ವರ್ಷವಾಗುವಷ್ಟರಲ್ಲಿ ಮಗಳಿಗೆಂದು ಪೋನಿಯೊಂದನ್ನು, ಅಂದರೆ ಗಿಡ್ಡ ತಳಿಯ ಕುದುರೆಯೊಂದನ್ನು, ಕೊಂಡಿರಿ. ಯಜಮಾನರ ಕೆಲಸ ಬೇರೆ ಊರಿಗೆ ವರ್ಗವಾದಾಗ ಅದನ್ನು ಪರಿಚಯದ ಕುಟುಂಬವೊಂದಕ್ಕೆ ಲೋನ್ ಮೇಲೆ, ಅಂದರೆ ಎರವಲಾಗಿ, ಕೊಟ್ಟಿರಿ. ಈಗ ವಾಪಸ್ ಕೇಳಿದರೆ, ಅದು ತಮ್ಮಲ್ಲಿ ಹೊಂದಿಕೊಂಡಿದೆ, ಅದಕ್ಕಾಗಿ ಸಾಕಷ್ಟು ಖರ್ಚು ಮಾಡಿದ್ದೇವೆ ಎನ್ನುತ್ತಾ ಅವರು ದಿನ ತಳ್ಳುತ್ತಿದ್ದಾರೆ. ಕರಾರು ಪತ್ರವಿಲ್ಲ, ಇರುವುದು ಫೋನಿನ ಸಂದೇಶಗಳು ಮಾತ್ರ. ಪರದೇಶದಲ್ಲಿ ಇಂಥ ತಕರಾರಿಗೆ ಇಳಿಯಬಹುದೇ, ವೀಸಾಕ್ಕೆ ತೊಂದರೆಯಾದೀತೇ, ಸುಮ್ಮನೆ ಬಿಟ್ಟುಬಿಡುವುದೇ ಮೇಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಆ ಪೋನಿ ಇವತ್ತಿಗೂ ನಿಮ್ಮದೇ.

ಹದಿನೇಳು ವರ್ಷಗಳಿಂದ ಇಲ್ಲಿರುವ ನನಗೂ ಇದೇ ಪಾಡು ಬಂದಿತ್ತು. ಬೆನ್ನುನೋವಿನಿಂದ ಸವಾರಿ ನಿಲ್ಲಿಸಬೇಕಾದ ವರ್ಷ ನನ್ನ ಹೆಣ್ಣು ಕುದುರೆಯನ್ನು ಒಬ್ಬರಿಗೆ ಲೋನ್ ಮೇಲೆ ಕೊಟ್ಟಿದ್ದೆ. ಚಳಿಗಾಲ ಕಳೆಯುವ ಹೊತ್ತಿಗೆ ನಾನು ಅವಳನ್ನು ನೋಡಲು ಹೋಗುವುದನ್ನೇ ಅವರು ಮುಂದೂಡತೊಡಗಿದರು. ಪದೇಪದೇ ಕೇಳಿದರೆ ಅವರೇನೆಂದುಕೊಂಡಾರು ಎಂಬ ಸಂಕೋಚದಲ್ಲಿ ನಾಲ್ಕು ತಿಂಗಳು ಕಳೆದೆ. ಮೇ ತಿಂಗಳಲ್ಲಿ ಹೋಗಿ ನೋಡಿದಾಗ ಅವಳು ಹುಲುಸಾದ ಹುಲ್ಲಿನ ನಡುವೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು. ಗೊರಸಿನ ಮೇಲೆ ಅಂಗೈ ಇಟ್ಟರೆ ಕಾವು ತಟ್ಟುತ್ತಿತ್ತು. ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿ ಬಲವಾಗಿ ಬಡಿಯುತ್ತಿತ್ತು. ಅದು ಲ್ಯಾಮಿನೈಟಿಸ್, ಗೊರಸಿನೊಳಗಿನ ಮೂಳೆಯನ್ನು ಹಿಡಿದಿಡುವ ಪದರದ ಬೇನೆ. ಪೋನಿಗಳಿಗಂತೂ ವಸಂತದ ಹುಲ್ಲಿನಲ್ಲಿ ಇದು ಬೇಗ ಅಂಟಿಕೊಳ್ಳುತ್ತದೆ. ಅವಳು ಬದುಕಿ ಮನೆಗೆ ಬಂದಳು, ಆದರೆ ಮತ್ತೆಂದೂ ನಾಗಾಲೋಟದಲ್ಲಿ ಓಡಲಿಲ್ಲ. ನನ್ನ ಸಂಕೋಚದ ಬೆಲೆಯನ್ನು ಅವಳು ತೆತ್ತಳು, ಆದ್ದರಿಂದಲೇ ನಿಮಗೆ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಲೋನ್ ಎಂಬುದರ ಅರ್ಥ ತಿಳಿಯಾಗಲಿ. ಇಲ್ಲಿನ ವಾಡಿಕೆಯಲ್ಲಿ ಲೋನ್ ಪಡೆದವರು ಮೇವು, ಲಾಯದ ಬಾಡಿಗೆ, ಲಾಳ, ಸಾಮಾನ್ಯ ಚಿಕಿತ್ಸೆಯ ಖರ್ಚುಗಳನ್ನು ಹೊರುತ್ತಾರೆ, ಅದಕ್ಕೆ ಪ್ರತಿಯಾಗಿ ಕುದುರೆಯನ್ನು ಬಳಸಿಕೊಳ್ಳುತ್ತಾರೆ. ಒಡೆತನ ಕೈ ಬದಲಾಗುವುದಿಲ್ಲ. ಆದ್ದರಿಂದ ದಿನನಿತ್ಯದ ಖರ್ಚು ಮಾಡಿದ್ದೇವೆ ಎಂಬ ಮಾತಿನಿಂದ ಪೋನಿ ಅವರದಾಗುವುದಿಲ್ಲ. ಕರಾರು ಪತ್ರವಿಲ್ಲದಿದ್ದರೂ ಇದು ಹೀಗೆಯೇ. ಪತ್ರವಿದ್ದಿದ್ದರೆ ಎಷ್ಟು ದಿನದ ನೋಟಿಸ್ ಎಂಬುದು ಅದರಲ್ಲೇ ಇರುತ್ತಿತ್ತು. ಇಲ್ಲದಿರುವಾಗ ನ್ಯಾಯಸಮ್ಮತವಾದ ಗಡುವು ಕೊಟ್ಟು ಕೇಳಬೇಕು, ಅಷ್ಟೇ ವ್ಯತ್ಯಾಸ.

ಕುದುರೆಯ ಪಾಸ್‌ಪೋರ್ಟ್ ಅವರ ಬಳಿಯಿದೆ ಎಂದು ಗಾಬರಿಯಾಗಿದ್ದೀರಿ. ಅದು ಅಲ್ಲಿರಬೇಕಾದದ್ದೇ, ಏಕೆಂದರೆ ಕುದುರೆ ಎಲ್ಲಿದೆಯೋ ಅಲ್ಲಿ ಪಾಸ್‌ಪೋರ್ಟ್ ಇರಬೇಕೆಂಬುದು ಕಾನೂನು. ಅದು ಗುರುತಿನ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಆದರೂ ಅದನ್ನು ಕೊಟ್ಟ ಸಂಸ್ಥೆಗೆ ಇಂದೇ ಬರೆದು, ಕುದುರೆ ಲೋನ್ ಮೇಲಿದೆ, ಅದನ್ನು ಯಾರಿಗೂ ಮಾರಿಲ್ಲ, ಒಡೆತನದ ಹೆಸರು ಬದಲಿಸಬೇಕೆಂದು ಯಾರಾದರೂ ಕೇಳಿದರೆ ತಿಳಿಸಿ ಎಂದು ವಿನಂತಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ 1ರಿಂದ ಎಲ್ಲ ಕುದುರೆಗಳಿಗೂ ಮೈಕ್ರೋಚಿಪ್, ಅಂದರೆ ಗುರುತಿನ ಸಂಖ್ಯೆಯಿರುವ, ಚರ್ಮದಡಿ ಇಡುವ ಪುಟ್ಟ ಸಾಧನ, ಕಡ್ಡಾಯ. ನಿಮ್ಮ ಪೋನಿಯ ಚಿಪ್ಪಿನ ಸಂಖ್ಯೆ ಹಳೆಯ ವೈದ್ಯರ ಬಿಲ್ಲಿನಲ್ಲಿಯೋ ವಿಮೆಯ ಕಾಗದದಲ್ಲಿಯೋ ಸಿಕ್ಕೀತು, ಆ ಪತ್ರದಲ್ಲಿ ಅದನ್ನೂ ನಮೂದಿಸಿ.

ಒಡೆತನವನ್ನು ತೋರಿಸುವುದು ಬೇರೆ ಕಾಗದಗಳು. ಕೊಂಡಾಗಿನ ರಸೀದಿ, ಬ್ಯಾಂಕಿನಿಂದ ಹಣ ಹೋದ ದಾಖಲೆ, ಕೊಳ್ಳುವ ಮುನ್ನ ವೈದ್ಯರು ಪರೀಕ್ಷಿಸಿದ ವರದಿ, ನಿಮ್ಮ ಹೆಸರಿನ ವಿಮೆ, ಮಗಳೊಂದಿಗಿನ ದಿನಾಂಕವಿರುವ ಚಿತ್ರಗಳು, ಇವನ್ನೆಲ್ಲ ಒಂದೇ ಕಡತಕ್ಕೆ ಸೇರಿಸಿ. ಫೋನಿನ ಸಂದೇಶಗಳನ್ನು ಕಡೆಗಣಿಸಬೇಡಿ. "ನಿಮ್ಮ ಪೋನಿ ಚೆನ್ನಾಗಿದ್ದಾಳೆ, ನೀವು ಹೇಳಿದಾಗ ಬಿಟ್ಟುಕೊಡುತ್ತೇವೆ" ಎಂದು ಅವರು ಎಂದಾದರೂ ಬರೆದಿದ್ದರೆ, ಆ ಒಂದು ಸಾಲು ನಿಮ್ಮ ಇಡೀ ವಾದವನ್ನು ಹೊರಬಲ್ಲದು.

ಆಮೇಲೆ ಪತ್ರ ಬರೆಯಿರಿ, ಫೋನು ಬೇಡ. ಲೋನ್ ಇಂಥ ದಿನಕ್ಕೆ ಮುಗಿಯುತ್ತದೆ, ಕುದುರೆ, ಪಾಸ್‌ಪೋರ್ಟ್, ಜೀನು, ಕಡಿವಾಣ ಎಲ್ಲವನ್ನೂ ಪಡೆಯಲು ಇಂಥ ಹಗಲು ಹೊತ್ತಿನಲ್ಲಿ ಬರುತ್ತೇನೆ, ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದು ಬಿಡಿಬಿಡಿಯಾಗಿ ಹೇಳಿ, 14 ದಿನಗಳ ಗಡುವು ಕೊಡಿ. ಸಿಟ್ಟಿನ ಒಂದು ಪದವೂ ಬೇಡ, ಏಕೆಂದರೆ ಆ ಪತ್ರವನ್ನು ಮುಂದೆ ನ್ಯಾಯಾಧೀಶರು ಓದಬಹುದು. ಅಂಚೆಯ ರಸೀದಿ ಇಟ್ಟುಕೊಂಡು, ಅದರ ಪ್ರತಿಯನ್ನು ಇಮೇಲಿನಲ್ಲಿಯೂ ಕಳಿಸಿ. ಒಡೆಯರು ಸ್ಪಷ್ಟವಾಗಿ ಕೇಳಿದ ಮೇಲೂ ಕೊಡಲು ನಿರಾಕರಿಸಿದರೆ, ಇಲ್ಲಿನ ಕಾನೂನು ಅದನ್ನು ಪರರ ವಸ್ತುವನ್ನು ತನ್ನದೆಂಬಂತೆ ಇಟ್ಟುಕೊಂಡ ತಪ್ಪೆಂದು ಎಣಿಸುತ್ತದೆ. ಇದುವರೆಗಿನ ನಿಮ್ಮ ಮೃದುವಾದ ಸಂದೇಶಗಳಲ್ಲಿ ಇಲ್ಲದಿರುವುದು ಆ ಸ್ಪಷ್ಟವಾದ ಬೇಡಿಕೆಯೇ.

ಪೊಲೀಸರಿಗೆ ಹೇಳಿದರೆ, ನೀವೇ ಒಪ್ಪಿ ಕೊಟ್ಟದ್ದರಿಂದ ಇದು ಸಿವಿಲ್ ವ್ಯಾಜ್ಯ ಎನ್ನುವ ಸಂಭವವೇ ಹೆಚ್ಚು. ಕುದುರೆಯನ್ನು ಅವರು ಮಾರಲು ಹೊರಟಿದ್ದಾರೆಂಬ ಜಾಹೀರಾತೋ ಸಾಕ್ಷಿಯೋ ಸಿಕ್ಕರೆ ಮಾತು ಬದಲಾಗುತ್ತದೆ. ಆಗ ತಡಮಾಡದೆ ತಿಳಿಸಿ. ತನ್ನದಲ್ಲದ ಕುದುರೆಯನ್ನು ಮಾರಿದವರಿಂದ ಕೊಂಡವರಿಗೂ ಸಾಮಾನ್ಯವಾಗಿ ಒಡೆತನ ದಕ್ಕುವುದಿಲ್ಲ, ಆದರೆ ಕೈಯಿಂದ ಕೈಗೆ ಹೋದ ಕುದುರೆಯನ್ನು ಹುಡುಕುವ ಕಷ್ಟ ಬೇರೆಯೇ.

ನ್ಯಾಯಾಲಯದ ದಾರಿ ನೀವು ಅಂಜುವಷ್ಟು ಭಯಾನಕವಲ್ಲ. ಪೋನಿಯ ಬೆಲೆ 10,000 ಪೌಂಡಿನೊಳಗಿದ್ದರೆ ಸಾಮಾನ್ಯವಾಗಿ ಸ್ಮಾಲ್ ಕ್ಲೇಮ್ಸ್ ಎಂಬ ಸಣ್ಣ ದಾವೆಗಳ ವಿಚಾರಣೆಗೆ ಬರುತ್ತದೆ, ವಕೀಲರಿಲ್ಲದೆ ನೀವೇ ವಾದಿಸಬಹುದು. ಅಲ್ಲಿ ಗೆದ್ದರೂ ವಕೀಲರ ಶುಲ್ಕ ಸಾಮಾನ್ಯವಾಗಿ ಮರಳಿ ಸಿಗದಿರುವುದರಿಂದ ಹಾಗೆ ಮಾಡುವುದೇ ಲೇಸು. ನಿಮಗೆ ಬೇಕಾದದ್ದು ಹಣವಲ್ಲ, ಕುದುರೆ. ಆದ್ದರಿಂದ ಹಣದ ವಸೂಲಿಗೆಂದೇ ಇರುವ ಆನ್‌ಲೈನ್ ಅರ್ಜಿ ಸಾಲದು, ಎನ್1 ಎಂಬ ಅರ್ಜಿಯನ್ನು ತುಂಬಿ ಕುದುರೆಯನ್ನೇ ಒಪ್ಪಿಸುವಂತೆ ಆದೇಶ ಕೇಳಬೇಕು. ಪರರ ವಸ್ತುವನ್ನು ತಪ್ಪಾಗಿ ಇಟ್ಟುಕೊಳ್ಳುವಂಥ ವ್ಯಾಜ್ಯಗಳ 1977ರ ಟಾರ್ಟ್ಸ್ ಕಾಯಿದೆ ಅದಕ್ಕೆ ಅವಕಾಶ ಕೊಡುತ್ತದೆ. ಕುದುರೆಯನ್ನೇ ಕೊಡಿಸುವುದೋ ಅದರ ಬೆಲೆ ಕೊಡಿಸುವುದೋ ಎಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾದ್ದರಿಂದ, ಅದು ಮಗಳು ಸವಾರಿ ಕಲಿತ ಪೋನಿ, ಹಣ ಕೊಟ್ಟರೂ ಅಂಥದ್ದು ಇನ್ನೊಂದು ಸಿಗದು ಎಂಬುದನ್ನು ಅರ್ಜಿಯಲ್ಲಿ ಬಿಡದೆ ಬರೆಯಿರಿ. ತುಂಬುವ ಮುನ್ನ ಜನರಿಗೆ ಕಾನೂನಿನಂಥ ವಿಷಯಗಳಲ್ಲಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕಚೇರಿಯವರಿಗೊಮ್ಮೆ ತೋರಿಸಿ, ಅವರು ಶುಲ್ಕ ಕೇಳುವುದಿಲ್ಲ.

ವೀಸಾದ ವಿಷಯ. ನಿಮ್ಮ ಆಸ್ತಿಯನ್ನು ಕೇಳಿ ಸಿವಿಲ್ ದಾವೆ ಹೂಡುವುದು ಅಪರಾಧವಲ್ಲ, ನೀವು ಯಾವ ದೇಶದವರೆಂಬುದು ಅಲ್ಲಿ ಪ್ರಶ್ನೆಯೂ ಅಲ್ಲ. ತೊಂದರೆ ಬರುವುದಿದ್ದರೆ ಇನ್ನೊಂದು ದಿಕ್ಕಿನಿಂದ: ರಾತ್ರಿ ಹೋಗಿ ಗೇಟಿನ ಬೀಗ ಒಡೆದರೆ, ಅಲ್ಲಿ ಕೈಕೈ ಮಿಲಾಯಿಸಿದರೆ, ಅದು ಪೊಲೀಸ್ ಪ್ರಕರಣವಾಗಿ ವೀಸಾಕ್ಕೂ ಕುತ್ತು ತರಬಹುದು. ನಮ್ಮದೇ ಕುದುರೆಯಲ್ಲವೇ, ನುಗ್ಗಿ ಕರೆತಂದುಬಿಡೋಣ ಎಂದು ನಿಮ್ಮ ಯಜಮಾನರು ಹೇಳಿದ್ದಾಗಿ ಬರೆದಿದ್ದೀರಿ. ದಯವಿಟ್ಟು ಅವರನ್ನು ತಡೆಯಿರಿ. ಆ ಜಾಗ ಬೇರೆಯವರದು. ಲೈವರಿ ಯಾರ್ಡಿನ, ಅಂದರೆ ಪೋನಿಯನ್ನು ಇರಿಸಿರುವ ಬಾಡಿಗೆ ಲಾಯದ, ಒಡೆಯರಿಗೆ ಕಾಗದಗಳನ್ನು ತೋರಿಸಿ, ಅವರ ಒಪ್ಪಿಗೆಯ ಮೇಲೆ ಹೋಗುವುದು ಉತ್ತಮ. ಬಾಡಿಗೆ ಬಾಕಿಯಿದೆ ಎಂದು ಅವರು ತಡೆದರೆ, ಕೊಡಬೇಕಾದವರು ಯಾರೆಂಬುದು ಯಾರ್ಡಿನ ಕರಾರಿನಲ್ಲಿರುತ್ತದೆ, ಅದನ್ನು ಕೇಳಿ ನೋಡಿ. ಮೊತ್ತ ಚಿಕ್ಕದಾದರೆ ಆಕ್ಷೇಪಣೆಯನ್ನು ಬರೆದಿಟ್ಟು ಕೊಟ್ಟುಬಿಡುವುದೇ ನನ್ನ ಸಲಹೆ. ಕುದುರೆ ಮನೆಗೆ ಬಂದ ಮೇಲೆ ಆ ಹಣದ ಲೆಕ್ಕ ಕೇಳಬಹುದು.

ಈ ನಡುವೆ ಪೋನಿ ಸೊರಗಿದೆ ಎಂಬ ಸುದ್ದಿ ಬಂದರೆ ಮಾತ್ರ ಗಡುವಿಗೆ ಕಾಯಬೇಡಿ. 2006ರ ಪ್ರಾಣಿ ಕಲ್ಯಾಣ ಕಾಯಿದೆಯಂತೆ ಅದರ ಯೋಗಕ್ಷೇಮ ಲೋನ್ ಪಡೆದವರ ಹೊಣೆ, ಒಡೆಯರಾದ ನಿಮ್ಮ ಹೊಣೆಯೂ ಹೌದು. ಪ್ರಾಣಿ ರಕ್ಷಣೆಯ ಸಂಸ್ಥೆಗಳಾದ ಆರ್‌ಎಸ್‌ಪಿಸಿಎಗೋ ವರ್ಲ್ಡ್ ಹಾರ್ಸ್ ವೆಲ್ಫೇರ್‌ಗೋ ತಿಳಿಸಿ, ಕಂಡದ್ದನ್ನಷ್ಟೇ ಹೇಳಿ.

ಕರೆತರುವ ದಿನ ಕುದುರೆ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ವಾಹನಕ್ಕೆ ಹತ್ತಿಸುವ ಮುನ್ನ ಅಲ್ಲೇ ನಾಲ್ಕೂ ಬದಿಯಿಂದ ಚಿತ್ರ ತೆಗೆದು, ಗಟ್ಟಿ ನೆಲದ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ, ಗೊರಸುಗಳನ್ನು ಮುಟ್ಟಿ ನೋಡಿ. ಕಾವಿದ್ದರೆ, ತಿರುಗುವಾಗ ಕಾಲೆಳೆದರೆ, ವೈದ್ಯರನ್ನು ಅಲ್ಲಿಗೇ ಕರೆಸಿ. ಅಂಥ ಕಾಲಿನಲ್ಲಿ ದೂರದ ಪಯಣ ಮಾಡಿಸಬಾರದು. ಮನೆಗೆ ಬಂದ ಮೇಲೆ ಎರಡು ಮೂರು ವಾರ ಬೇರೆ ಕುದುರೆಗಳಿಂದ ದೂರವಿಟ್ಟು, ಮೇವನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿ.

ಪತ್ರದ ಕರಡನ್ನು ನನಗೆ ಕಳಿಸಿದರೆ ಅಂದೇ ನೋಡಿ ತಿದ್ದಿ ಕೊಡುತ್ತೇನೆ. ನನ್ನ ಬಳಿ ಟ್ರೈಲರ್ ಇದೆ, ದಿನ ಗೊತ್ತಾದ ಕೂಡಲೇ ತಿಳಿಸಿ, ನಾನೇ ತರುತ್ತೇನೆ.