ಓದುಗರ ಪ್ರಶ್ನೆ: ಹವಾಮಾನ ಬದಲಾವಣೆಯನ್ನು ಬರೆಯುವುದು, ತೋರಿಸುವುದು

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಬಿಸಿಗಾಳಿಯಾಗಲಿ ಬರವಾಗಲಿ, ಕೆಲವು ಪತ್ರಿಕೆಗಳು ‘ಹವಾಮಾನ ಬದಲಾವಣೆಯೇ ಕಾರಣ’ ಎಂದು ತಲೆಬರಹ ಕೊಡುತ್ತವೆ. ಇನ್ನು ಕೆಲವು, ಅದನ್ನು ಅಲ್ಲಗಳೆಯುವವರ ಹೇಳಿಕೆಯನ್ನೂ ಪಕ್ಕದಲ್ಲೇ ಅಚ್ಚು ಹಾಕುತ್ತವೆ. ವರದಿಗಾರರು ಯಾವ ಕ್ರಮ ಅನುಸರಿಸಬೇಕು?

ಉತ್ತರ: ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ, ಸುಲಭವಾದುದನ್ನು ಮೊದಲು ಮುಗಿಸೋಣ. ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣವೇ ಎಂಬುದು ಈಗ ಇಬ್ಬರನ್ನು ಎದುರುಬದುರು ಕೂರಿಸಿ ವಾದ ಕೇಳಬೇಕಾದ ವಿಷಯವಲ್ಲ. ಹವಾಮಾನ ಬದಲಾವಣೆಯ ವಿಜ್ಞಾನವನ್ನು ಪರಾಮರ್ಶಿಸುವ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿ ಅದನ್ನು ನಿಸ್ಸಂದೇಹವೆಂದೇ ಹೇಳಿದೆ. 1988ರಿಂದ 2002ರವರೆಗಿನ ಅಮೆರಿಕದ ಪ್ರಮುಖ ಪತ್ರಿಕೆಗಳ ವರದಿಗಳನ್ನು ಪರಿಶೀಲಿಸಿದ ಮ್ಯಾಕ್ಸ್‌ವೆಲ್ ಬಾಯ್‌ಕಾಫ್ ಮತ್ತು ಜೂಲ್ಸ್ ಬಾಯ್‌ಕಾಫ್, ಸಮತೋಲನದ ಹೆಸರಿನಲ್ಲಿ ಎರಡೂ ಕಡೆಗೆ ಸಮನಾಗಿ ಜಾಗ ಕೊಟ್ಟದ್ದರಿಂದಲೇ ಓದುಗರಿಗೆ ವಿಜ್ಞಾನದ ತಪ್ಪು ಚಿತ್ರ ತಲುಪಿತೆಂದು 2004ರಲ್ಲಿ ತೋರಿಸಿಕೊಟ್ಟರು. ಪರಿಹಾರದ ಮಾತು ಬೇರೆ. ಯಾವ ಇಂಧನ, ಯಾರಿಗೆ ತೆರಿಗೆ, ಯಾರ ಮೇಲೆ ಹೊರೆ ಎಂಬುದರ ಬಗ್ಗೆ ಪ್ರಾಮಾಣಿಕವಾದ ಹತ್ತು ಅಭಿಪ್ರಾಯಗಳಿರಬಹುದು, ಅವೆಲ್ಲಕ್ಕೂ ಪುಟದಲ್ಲಿ ಜಾಗ ಇರಬೇಕು.

ಕಷ್ಟವಿರುವುದು ಎರಡನೆಯದರಲ್ಲಿ, ಅಂದರೆ ಒಂದು ನಿರ್ದಿಷ್ಟ ಘಟನೆಗೆ ಕಾರಣ ಹೇಳುವುದರಲ್ಲಿ. ವಿಜ್ಞಾನಿಗಳು ಇಂದಿನ ವಾತಾವರಣವನ್ನೂ, ಮನುಷ್ಯ ಹೊರಸೂಸಿದ ಹಸಿರುಮನೆ ಅನಿಲಗಳಿಲ್ಲದ ವಾತಾವರಣವನ್ನೂ ಗಣಕ ಮಾದರಿಗಳಲ್ಲಿ ಮತ್ತೆ ಮತ್ತೆ ನಡೆಸಿ, ಅಷ್ಟೇ ತೀವ್ರತೆಯ ಘಟನೆ ಯಾವುದರಲ್ಲಿ ಎಷ್ಟು ಸಲ ಬರುತ್ತದೆಂದು ಹೋಲಿಸುತ್ತಾರೆ. ಆದ್ದರಿಂದ ಅವರ ಉತ್ತರ ‘ಹೌದು’ ‘ಇಲ್ಲ’ ಎಂದಿರುವುದಿಲ್ಲ. ಸಂಭವ ಎಷ್ಟು ಪಟ್ಟು ಹೆಚ್ಚಿತು, ತಾಪ ಎಷ್ಟು ಏರಿತು ಎಂದಿರುತ್ತದೆ. 2021ರ ಜೂನ್‌ನಲ್ಲಿ ಕೆನಡಾದ ಲಿಟ್ಟನ್‌ನಲ್ಲಿ 49.6 ಡಿಗ್ರಿ ಸೆಲ್ಸಿಯಸ್ ದಾಖಲಾದಾಗ, ಮಾನವ ನಿರ್ಮಿತ ತಾಪಮಾನ ಏರಿಕೆ ಇಲ್ಲದಿದ್ದರೆ ಅಂಥ ಬಿಸಿಗಾಳಿ ಹೆಚ್ಚುಕಡಿಮೆ ಅಸಾಧ್ಯವಾಗುತ್ತಿತ್ತು ಎಂದು, ಇಂಥ ಹೋಲಿಕೆ ನಡೆಸುವ ವಿಜ್ಞಾನಿಗಳ ‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ತಂಡ ಹೇಳಿತು. ಅದೇ ತಂಡ, ಅದೇ ವರ್ಷದ ಕೊನೆಗೆ, ದಕ್ಷಿಣ ಮಡಗಾಸ್ಕರ್‌ನ ಹಸಿವಿನ ಬಿಕ್ಕಟ್ಟನ್ನು ಪರಿಶೀಲಿಸಿ ಅಲ್ಲಿ ಹವಾಮಾನ ಬದಲಾವಣೆ ಮುಖ್ಯ ಕಾರಣವಲ್ಲ, ಬಡತನವೂ ಮಳೆಯ ಸಹಜ ಏರುಪೇರೂ ದೊಡ್ಡ ಪಾತ್ರ ವಹಿಸಿವೆ ಎಂದಿತು. ಅಷ್ಟರೊಳಗೆ ಅದನ್ನು ಹವಾಮಾನ ಬದಲಾವಣೆಯಿಂದಾದ ಕ್ಷಾಮವೆಂದು ಸಾರಿದ ವರದಿಗಳು ಜಗತ್ತನ್ನೆಲ್ಲ ಸುತ್ತಿ ಬಂದಿದ್ದವು. ಇಂಥ ವಿಶ್ಲೇಷಣೆಗೆ ದಿನಗಳೋ ವಾರಗಳೋ ಬೇಕು, ಪತ್ರಿಕೆಗೆ ಸಂಜೆಯೊಳಗೆ ಸುದ್ದಿ ಬೇಕು. ಹಾಗಾಗಿ ಮೊದಲ ದಿನ ‘ಇಂಥ ಬಿಸಿಗಾಳಿಗಳು ಹೆಚ್ಚುತ್ತಿವೆ’ ಎಂಬಷ್ಟಕ್ಕೇ ನಿಂತು, ಅಧ್ಯಯನ ಬಂದ ದಿನ ಅದೇ ಸುದ್ದಿಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ಸರಿ. ಎರಡನೆಯ ಕೆಲಸ ಸುದ್ದಿಮನೆಗಳಲ್ಲಿ ನಡೆಯುವುದು ಅಪರೂಪ.

ಪ್ರಶ್ನೆ: ಈ ವಿಷಯದಲ್ಲಿ ಚಲನಚಿತ್ರಗಳು ಉಪಕಾರ ಮಾಡುತ್ತವೆಯೋ, ದಾರಿ ತಪ್ಪಿಸುತ್ತವೆಯೋ?

ಉತ್ತರ: ಎರಡನ್ನೂ ಮಾಡುತ್ತವೆ, ಮತ್ತು ಎಡವುವುದು ಸಾಮಾನ್ಯವಾಗಿ ಕಾಲದ ಲೆಕ್ಕದಲ್ಲಿ. 2004ರ ‘ದಿ ಡೇ ಆಫ್ಟರ್ ಟುಮಾರೊ’ ಚಿತ್ರದಲ್ಲಿ ಉತ್ತರಕ್ಕೆ ಶಾಖ ಒಯ್ಯುವ ಅಟ್ಲಾಂಟಿಕ್ ಸಾಗರದ ಪ್ರವಾಹವ್ಯವಸ್ಥೆ ಕುಸಿದು ಕೆಲವೇ ದಿನಗಳಲ್ಲಿ ಹಿಮಯುಗ ಬರುತ್ತದೆ. ಆ ಪ್ರವಾಹ ದುರ್ಬಲಗೊಳ್ಳುವ ಆತಂಕ ನಿಜ, ದಿನಗಳ ಲೆಕ್ಕ ಮಾತ್ರ ಕಲ್ಪನೆ. ಕಥಾಚಿತ್ರಕ್ಕೆ ಆ ರಿಯಾಯಿತಿ ಕೊಡಬಹುದು, ಸಾಕ್ಷ್ಯಚಿತ್ರಕ್ಕೆ ಕೊಡಲಾಗದು. ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರ ಸಾಕ್ಷ್ಯಚಿತ್ರ ‘ಆ್ಯನ್ ಇನ್‌ಕನ್ವೀನಿಯಂಟ್ ಟ್ರುತ್’ ಅನ್ನು ಶಾಲೆಗಳಲ್ಲಿ ತೋರಿಸುವ ವಿವಾದ 2007ರಲ್ಲಿ ಇಂಗ್ಲೆಂಡಿನ ಹೈಕೋರ್ಟಿಗೆ ಹೋದಾಗ, ಚಿತ್ರದ ತಿರುಳು ಸ್ಥೂಲವಾಗಿ ಸರಿಯೆಂದ ನ್ಯಾಯಾಧೀಶರು, ಒಂಬತ್ತು ಅಂಶಗಳು ಅಂದಿನ ವೈಜ್ಞಾನಿಕ ಒಮ್ಮತದಿಂದ ಆಚೆಗಿವೆ ಎಂದರು. ಸಹಸ್ರಾರು ವರ್ಷಗಳಲ್ಲಿ ಆಗಬಹುದಾದ ಸಮುದ್ರಮಟ್ಟದ ಏರಿಕೆಯನ್ನು ಸದ್ಯದಲ್ಲೇ ಆಗುವಂತೆ ತೋರಿಸಿದ್ದು ಅವುಗಳಲ್ಲಿ ಒಂದು. ಅಲ್ಲಗಳೆಯುವವರಿಗೆ ಅಷ್ಟೇ ಸಾಕಾಯಿತು.

ನನ್ನ ಮಟ್ಟಿಗೆ 2012ರ ‘ಚೇಸಿಂಗ್ ಐಸ್’ ಇದಕ್ಕಿಂತ ಹೆಚ್ಚು ಒಪ್ಪಿಗೆಯಾದ ದಾರಿ ಹಿಡಿದಿದೆ. ಛಾಯಾಗ್ರಾಹಕ ಜೇಮ್ಸ್ ಬಾಲಾಗ್ ಹಿಮನದಿಗಳ ಎದುರಿನ ಬಂಡೆಗಳಿಗೆ ಕ್ಯಾಮೆರಾಗಳನ್ನು ಬಿಗಿದು, ಹಗಲಿನುದ್ದಕ್ಕೂ ತಾವಾಗಿಯೇ ಚಿತ್ರ ತೆಗೆಯುವಂತೆ ಮಾಡಿ, ವರ್ಷಗಳ ಚಿತ್ರಗಳನ್ನು ಜೋಡಿಸಿದರು. ಹಿಮನದಿಯ ಅಂಚು ಹಿಂದಕ್ಕೆ ಸರಿಯುತ್ತ ಹೋಗುವುದು ಕೆಲವೇ ಕ್ಷಣಗಳಲ್ಲಿ ಕಣ್ಣಿಗೆ ಕಾಣುತ್ತದೆ. ಇಲ್ಲಿಯೂ ಕಾಲವನ್ನು ಕುಗ್ಗಿಸಲಾಗಿದೆ, ಆದರೆ ಕುಗ್ಗಿಸಿರುವುದು ಪ್ರೇಕ್ಷಕರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಜನರನ್ನು ಹೆದರಿಸಿದರೆ ತಪ್ಪೇನು?

ಉತ್ತರ: ಭಯ ಗಮನ ಸೆಳೆಯುತ್ತದೆ, ಆದರೆ ‘ನನ್ನ ಕೈಯಲ್ಲೇನಿದೆ’ ಎಂಬ ನಿರಾಸೆಯನ್ನೂ ಜೊತೆಗೇ ತರುತ್ತದೆಂದು ಸಫ್ರಾನ್ ಓ’ನೀಲ್ ಮತ್ತು ಸೋಫಿ ನಿಕಲ್ಸನ್-ಕೋಲ್ 2009ರ ಅಧ್ಯಯನದಲ್ಲಿ ಕಂಡುಕೊಂಡಿದ್ದಾರೆ. ಅಪಾಯವನ್ನು ಮುಚ್ಚಿಡಬೇಕಾಗಿಲ್ಲ, ಅದರ ಜೊತೆಗೆ ಯಾರು ಏನು ಮಾಡಬಹುದು, ಆ ನಿರ್ಧಾರ ಯಾವ ಕಚೇರಿಯಲ್ಲಿ ಯಾವಾಗ ಆಗುತ್ತದೆ ಎಂಬುದನ್ನೂ ಅದೇ ವರದಿಯಲ್ಲಿ ಬರೆಯಿರಿ.